ಹೊರಡದ ಜಂಬೂಸವಾರಿ

ಗೈದರ್ಸ್‌ಬರ್ಗ್
೪ ಅಕ್ಟೋಬರ್ ೨೦೨೪

ರೀ,

‘ಪ್ರಿಯ ರವಿಶಂಕರ್ ಅವರಿಗೆ’ ಎಂದು ಶುರು ಮಾಡಿದ್ದೆ. ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಹಾಗೆ ಕರೆದವಳಲ್ಲ. ನಗು ಬಂತು, ಹರಿದು ಹಾಕಿದೆ. ಫೋನಿನಲ್ಲಾದರೆ ನಮಗೆ ಎರಡನೇ ಮಾತಿಗೇ ಜಗಳ ಹತ್ತಿಕೊಳ್ಳುತ್ತದೆ. ಅದಕ್ಕೇ ಈ ಕಾಗದ.

ನಿನ್ನೆ ದಸರಾ ಗೊಂಬೆ ಕೂರಿಸಿದೆವು. ನೀವು ಮಾಡಿದ ಜಂಬೂಸವಾರಿಯನ್ನೂ ಗ್ಯಾರೇಜಿನಿಂದ ತಂದು, ಹೋದ ವರ್ಷದ ಹಾಗೇ ಪಟ್ಟದ ಗೊಂಬೆಗಳ ಪಕ್ಕ ಇಟ್ಟೆ. ಹಳೇ ಪ್ರಿಂಟರಿನ ಮೋಟಾರು, ಅಕ್ಷಯಾಳ ಪುಟ್ಟ ಸೈಕಲ್ಲಿನ ಚೈನು, ಕಾರ್ನ್‌ಫ್ಲೇಕ್ಸಿನ ರಟ್ಟಿನ ಡಬ್ಬದ ಅರಮನೆ. ಆನೆ ಒಂದು ಸುತ್ತು ಬಂದರೆ ಒಂದು ಗೋಲಿ ಉರುಳಿ ಸ್ಟೀಲ್ ತಟ್ಟೆಗೆ ಬಿದ್ದು ಠಣ್ ಎನ್ನಬೇಕು, ಅದೇ ಕುಶಾಲತೋಪು. ಎಂಥಾ ತಲೆ ರೀ ನಿಮ್ಮದು! ಆಗಲೇ ಹೇಳಬೇಕಿತ್ತು.

ಈ ಸಲ ಆನೆ ಅಲುಗುತ್ತಿಲ್ಲ. ಮೋಟಾರು ಗುಂಯ್ ಅನ್ನುತ್ತದೆ, ಅಷ್ಟೇ. ಅಕ್ಷಯಾ ಅದರ ಮುಂದೆಯೇ ಕೂತು, “ಅಮ್ಮಾ, ಎಲಿಫೆಂಟ್ ವಾಕ್ ಮಾಡಲ್ಲ. ಅಪ್ಪ ಬಂದು ಫಿಕ್ಸ್ ಮಾಡ್ತಾರಾ?” ಎಂದು ಕೇಳುತ್ತಾಳೆ.

ಹೋದ ವರ್ಷದ್ದು ಹೇಳಿಬಿಡುತ್ತೇನೆ. ಅರಿಶಿನ ಕುಂಕುಮಕ್ಕೆ ಬಂದವರ ಎದುರಿಗೆ ಪಟ್ಟದ ರಾಣಿ ಉರುಳಿ ಕೈ ಮುರಿಯಿತಲ್ಲ, ತವರಿನಿಂದ ಮದುವೆಯಲ್ಲಿ ಕೊಟ್ಟಿದ್ದ ಜೋಡಿಯದು. ನಿಮ್ಮ ಆನೆಯೇ ತಳ್ಳಿತೆಂದು ಕೂಗಾಡಿದೆ. ಈ ಗುಜರಿಯೂ ಬೇಡ, ನೀವೂ ಬೇಡ ಎಂದುಬಿಟ್ಟೆ. ಎದುರುಮನೆ ಶಿವಬಸಮ್ಮ ಆಂಟಿ, “ಹೋಗ್ಲಿ ಬಿಡವಾ, ಗೊಂಬಿ ಹೋದ್ರ ಇನ್ನೊಂದು ಬರ್ತದ” ಎಂದರೂ ನನ್ನ ಬಾಯಿ ನಿಲ್ಲಲಿಲ್ಲ. ನೀವು ಮೋಟಾರು ಆಫ್ ಮಾಡಿದಿರಿ. ಮುಂದಿನ ತಿಂಗಳೇ ಲಾರೆನ್ಸ್‌ವಿಲ್‌ಗೆ ಹೊರಟಿರಿ. ಮೂರು ತಿಂಗಳ ಪ್ರಾಜೆಕ್ಟ್ ಎಂದಿರಿ, ವರ್ಷವಾಗುತ್ತ ಬಂತು.

ರೀ, ಆನೆ ತಳ್ಳಲಿಲ್ಲ. ನೈವೇದ್ಯದ ಕೋಸಂಬರಿ ಇಡಲು ಕೈ ಚಾಚಿದಾಗ ನನ್ನ ಸೆರಗೇ ರಾಣಿಗೆ ಸಿಕ್ಕಿಕೊಂಡಿತ್ತು. ನನಗೆ ಆಗಲೇ ಗೊತ್ತಾಯಿತು. ಅಷ್ಟು ಜನರ ಮುಂದೆ ಒಪ್ಪಿಕೊಳ್ಳಲು ನಾಚಿಕೆಯಾಯಿತು, ಆಮೇಲೆ ಹಟ ಬೆಳೆಯಿತು. ತಪ್ಪಾಯಿತು. ನೀವಿಲ್ಲದೆ ಈ ಮನೆ ನನಗೆ ಸೇರುವುದಿಲ್ಲ.

ರಾಣಿಯ ಕೈಯನ್ನು ನಾನೇ ಅಂಟಿಸಿದೆ, ಸೊಟ್ಟಗಿದೆ. ಹನ್ನೆರಡನೇ ತಾರೀಕು, ಶನಿವಾರ, ವಿಜಯದಶಮಿ. ಸವಾರಿ ಹೊರಡದೆ ಪಟ್ಟದ ಗೊಂಬೆ ಮಲಗಿಸುವ ಪದ್ಧತಿ ನಮ್ಮಲ್ಲಿಲ್ಲ. ನೀವು ಬರುವವರೆಗೂ ರಾಜ ರಾಣಿ ಇಬ್ಬರೂ ನಿಂತೇ ಇರುತ್ತಾರೆ. ಬನ್ನಿ.

ಈಗಲೂ ನಿಮ್ಮವಳೇ,
ನೀರಜಾ

ವಿ.ಸೂ.: ಯಂತ್ರ ಕೆಟ್ಟಿಲ್ಲ. ಮೊನ್ನೆ ಗ್ಯಾರೇಜಿನಲ್ಲೇ ಒಬ್ಬಳೇ ಓಡಿಸಿ ನೋಡಿದೆ, ಏಳು ಸುತ್ತು ಬಂತು. ಆಮೇಲೆ ಮೋಟಾರಿನ ರಬ್ಬರ್ ಬೆಲ್ಟ್ ಬಿಚ್ಚಿದೆ. ಈ ಲಕೋಟೆಯ ತಳದಲ್ಲಿದೆ, ನೋಡಿ. ಪೋಸ್ಟಿನಲ್ಲಿ ವಾಪಸು ಕಳಿಸಬೇಡಿ, ಕೈಯಲ್ಲೇ ತನ್ನಿ.