ನಿನ್ನ ಚಿಗವ್ವ ಹೇಳದ ಮಾತು

ಹಲಸೂರು, ಗುರುವಾರ

ಅಣ್ಣನ ಮಗಳಾದರೂ ನನ್ನ ಮನೆಯಲ್ಲೇ ಬೆಳೆದ ಸೌಂದರ್ಯಾಳಿಗೆ,

ನಿನ್ನ ಚಿಗವ್ವ, ನನ್ನ ಸುಭದ್ರೆ, ತೀರಿಕೊಂಡು ಎರಡು ವರ್ಷ ನಾಲ್ಕು ತಿಂಗಳಾಯಿತು. ನಿನ್ನೆ ಬೆಳಿಗ್ಗೆ ಅವಳು ಒಂದು ಜೂಜಿನ ವೆಬ್‌ಸೈಟಿನ ಪರವಾಗಿ ಸಾಕ್ಷಿ ಹೇಳುತ್ತಿರುವುದನ್ನು ಕಣ್ಣಾರೆ ನೋಡಿದೆ. ಸಂಜೆ ಫೋನಿನಲ್ಲಿ ನಿನ್ನ ಮೇಲೆ ಕೂಗಾಡಿದೆ, ನೀನು ಅರ್ಧಕ್ಕೇ ಇಟ್ಟುಬಿಟ್ಟೆ. ಕಾಗದವಾದರೆ ಪೂರ್ತಿ ಓದುತ್ತೀಯೆ ಎಂದು ಬರೆಯುತ್ತಿದ್ದೇನೆ. ನಾಳೆ ಕೆ.ಆರ್. ಪುರಕ್ಕೆ ಬಂದು ನಿನ್ನ ರೂಮಿನ ಬಾಗಿಲ ಕೆಳಗೆ ತೂರಿಸಿ ಹೋಗುತ್ತೇನೆ. ಮುಖ ನೋಡಿದರೆ ನನ್ನ ಸಿಟ್ಟು ಇಳಿದುಹೋಗುತ್ತದೆ, ಅದು ಇಳಿಯಬಾರದು.

ಹೂವಿನ ಮುನಿವೆಂಕಟಮ್ಮ ನಿನಗೆ ನೆನಪಿರಬೇಕು. ನಮ್ಮ ಬೀದಿಯ ಮೂಲೆಯಲ್ಲಿ ಬುಟ್ಟಿ ಇಟ್ಟುಕೊಂಡು ಕೂರುತ್ತಿದ್ದವಳು, ಸ್ಕೂಲಿಗೆ ಹೋಗುವಾಗ ನಿನ್ನ ಜಡೆಗೆ ಒಂದು ತುಂಡು ಕನಕಾಂಬರ ಸಿಕ್ಕಿಸದೆ ಬಿಡುತ್ತಿರಲಿಲ್ಲ. ಈಗ ಹೊರಮಾವಿನಲ್ಲಿ ಮಗನ ಮನೆಯಲ್ಲಿದ್ದು ಮದುವೆಗಳಿಗೆ ಹಾರ ಕಟ್ಟಿಕೊಡುತ್ತಾಳೆ. ನಿನ್ನೆ ಎರಡು ಬಸ್ಸು ಬದಲಿಸಿ ಬಂದಳು. ಫೋನಿಗೆ ಇಂಗ್ಲಿಷಿನಲ್ಲಿ ಏನೋ ಬಂದಿದೆ, ಓದಿ ಹೇಳಿ ಎಂದಳು. ನನ್ನ ಇಂಗ್ಲಿಷು ಗೊತ್ತಲ್ಲ, ಕಲಬುರಗಿಯಲ್ಲಿ ಬಿ.ಎ. ಎರಡನೇ ವರ್ಷಕ್ಕೆ ಬಿಟ್ಟದ್ದು, ಅರ್ಧ ಅಲ್ಲೇ ಉಳಿದಿದೆ. ಆದರೂ ಇಷ್ಟು ತಿಳಿಯಿತು. ಅವಳು ಆ ಸೈಟಿನಲ್ಲಿ ಆಡಿ ಗೆದ್ದ ಹಣ ಕೈಗೆ ಬರಬೇಕಾದರೆ ಮೊದಲು ‘ಸೆಕ್ಯುರಿಟಿ’ ಎಂದು ಇನ್ನಷ್ಟು ಕಟ್ಟಬೇಕಂತೆ, ಆಮೇಲೆ ‘ರಿಲೀಸ್’ ಅಂತೆ. ಗೆದ್ದದ್ದು ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಕಾಣುತ್ತದೆ, ಮುಟ್ಟಲು ಬರುವುದಿಲ್ಲ. ಹಾಕಿದ್ದಾದರೂ ಅವಳದ್ದೇ? ಮೂರು ಮದುವೆಗಳ ಹಾರಕ್ಕೆ ಜನ ಕೊಟ್ಟ ಮುಂಗಡ. ಇಪ್ಪತ್ತೈದು ವರ್ಷದಲ್ಲಿ ಒಂದು ಮುಹೂರ್ತಕ್ಕೂ ಹಾರ ತಪ್ಪಿಸದವಳು ಈಗ ಆ ಮೂರು ಮನೆಯವರ ಫೋನು ಬಂದರೆ ಎತ್ತುತ್ತಿಲ್ಲ.

ಇಂಥದ್ದನ್ನು ಹೇಗೆ ನಂಬಿದೆ ಎಂದು ಗದರಿದೆ. ಅವಳು ಸೆರಗಿನಿಂದ ಫೋನು ಒರೆಸಿ ಒಂದು ಪುಟ ತೋರಿಸಿದಳು. ನಂಬಿಕೆಗೆ ಅರ್ಹವಾದ ಹತ್ತು ಗೇಮಿಂಗ್ ಸೈಟುಗಳು, ನಮ್ಮ ಪರಿಣತರ ಪರಿಶೀಲನೆ. ಮೊದಲನೆಯದಕ್ಕೆ ಐದಕ್ಕೆ ನಾಲ್ಕು ಮುಕ್ಕಾಲು ನಕ್ಷತ್ರ. ಅದರ ಕೆಳಗೆ ನಿನ್ನ ಚಿಗವ್ವನ ಫೋಟೋ. ಕಮರ್ಷಿಯಲ್ ಸ್ಟ್ರೀಟಿನ ಸ್ಟುಡಿಯೋದಲ್ಲಿ ತೆಗೆಸಿದ್ದು, ನಾನು ಗೋಡೆಗೆ ಹಾಕಿ ದಿನಾ ಹೂವು ಮುಡಿಸುವುದೂ ಅದಕ್ಕೇ. ‘ಸುಭದ್ರಮ್ಮ, ಗೃಹಿಣಿ, ಹಲಸೂರು. ನಾನು ಯಾವುದನ್ನೂ ಸುಟ್ಟು ನೋಡದೆ ನಂಬುವವಳಲ್ಲ. ಈ ಸೈಟನ್ನು ಧೈರ್ಯವಾಗಿ ನಂಬಬಹುದು.’

“ಅಕ್ಕ ಓಗೋಕ್ ಮುಂಚೆ ಯೋಳಿಟ್ಟು ಓಗವ್ಳೆ ಅಂದ್ಕಂಡೆ ಸಾರ್,” ಎಂದಳು ಮುನಿವೆಂಕಟಮ್ಮ.

ಆ ಮಾತಿನ ಬೆಲೆ ನಿನಗೆ ಗೊತ್ತಿಲ್ಲವೇ? ನಮ್ಮ ಸಾಲಿನಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ರೇಷ್ಮೆ ಸೀರೆ ಕೊಳ್ಳಲು ನಿನ್ನ ಚಿಗವ್ವನನ್ನು ಕರೆದುಕೊಂಡೇ ಹೋಗುತ್ತಿದ್ದರು. ಸೆರಗಿನ ತುದಿಯಿಂದ ಒಂದು ಎಳೆ ಕಿತ್ತು, ಕಡ್ಡಿ ಗೀರಿ ಸುಟ್ಟು, ಮೂಸಿ ನೋಡುವಳು. ಕೂದಲು ಸುಟ್ಟ ವಾಸನೆ ಬಂದರೆ ತಲೆಯಾಡಿಸುವಳು. ಬೂದಿ ಪುಡಿಯಾಗದೆ ಗಟ್ಟಿ ಮಣಿಯ ಹಾಗೆ ಉಳಿದರೆ ಎದ್ದು ಚಪ್ಪಲಿ ಹಾಕಿಕೊಳ್ಳುವಳು. ಎದುರುಮನೆಯ ಉಮ್ಮೆ ಕುಲ್ಸುಂ ತಮ್ಮ ಮೂರು ಹೆಣ್ಣುಮಕ್ಕಳ ಮದುವೆಗೂ ಅವಳನ್ನೇ ಮುಂದೆ ಬಿಟ್ಟುಕೊಂಡು ಹೋದರು. ಒಬ್ಬ ಅಂಗಡಿಯವನು, ಎಲ್ಲರನ್ನೂ ನಮ್ಮಲ್ಲಿಗೇ ಕರಕೊಂಡು ಬನ್ನಿ, ಸೀರೆಗೆ ಇಷ್ಟು ಎಂದು ನಿಮಗೆ ಬೇರೆ ಕೊಡುತ್ತೇನೆ ಎಂದಿದ್ದ. ಆಮೇಲೆ ಅವಳು ಆ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. “ರೊಕ್ಕ ತಗೊಂಡ ಮ್ಯಾಲ ಮೂಗು ಸುಳ್ಳ ಹೇಳ್ತದ,” ಎಂದಳು. ನೀನು ಆಗ ಎಂಟು ವರ್ಷದವಳು, ಅವಳ ಕೈ ಹಿಡಿದುಕೊಂಡು ನಿಂತಿದ್ದೆ.

ಆ ಪುಟ ಬರೆದವಳು ನೀನೇ ಎಂದು ಗೊತ್ತಾಗಿ, ನಿನ್ನೆ ಸಂಜೆ ಫೋನಿನಲ್ಲಿ ಅದನ್ನೇ ನೆನಪಿಸಿದರೆ ನೀನು ಹೇಳಿದ್ದೇನು? “ಕಾಕಾ, ಅದು ಬರೇ ಕಂಟೆಂಟ್ ರೀ. ಆಡಿ ನೋಡಿ ಯಾರೂ ಬರಿಯಂಗಿಲ್ಲ.” ಯಾರು ಹೆಚ್ಚು ಕೊಡುತ್ತಾರೋ ಅವರು ಪಟ್ಟಿಯಲ್ಲಿ ಮೇಲೆ, ನಿಮ್ಮ ಪುಟದಿಂದ ಸೈಟಿಗೆ ಹೋದ ತಲೆಗೆ ಇಷ್ಟು ಎಂದು ನಿಮ್ಮ ಕಂಪನಿಗೆ ಬರುತ್ತದಂತೆ. ದುಡ್ಡು ಕಟ್ಟಿ ಆಡುವ ಆಟಗಳನ್ನು ಸರ್ಕಾರ ನಿಷೇಧಿಸಿದೆ ಎಂದು ಪತ್ರಿಕೆಯಲ್ಲಿ ಓದಿದೆನಲ್ಲ ಎಂದೆ. ಅದಕ್ಕೇ ಸರ್ವರ್ ಹೊರದೇಶದಲ್ಲಿದೆ ಎಂದೆ ನೀನು, ಅಕ್ಕಿ ಅಡುಗೆಮನೆಯ ಡಬ್ಬಿಯಲ್ಲಿದೆ ಎನ್ನುವಷ್ಟು ಸಲೀಸಾಗಿ.

ರಾತ್ರಿಯೂಟ ಬಿಟ್ಟು ಆ ಪರಿಶೀಲನೆಯನ್ನು ಪೂರ್ತಿ ಓದಿದೆ. ಲೈಸೆನ್ಸು ಇದೆಯಂತೆ, ನಾನು ಭೂಪಟದಲ್ಲಿ ಹುಡುಕಿದರೂ ಸಿಗದ ಯಾವುದೋ ದ್ವೀಪದ್ದು. ಹಣ ಐದು ನಿಮಿಷದಲ್ಲಿ ವಾಪಸು ಬರುತ್ತದಂತೆ, ಮುನಿವೆಂಕಟಮ್ಮ ಹತ್ತೊಂಬತ್ತು ದಿನದಿಂದ ಕಾಯುತ್ತಿದ್ದಾಳೆ. ಗ್ರಾಹಕರ ಸೇವೆಗೆ ಪೂರ್ತಿ ಅಂಕ. ಅವಳ ಪರವಾಗಿ ನಾನೇ ಬರೆದು ನೋಡಿದ್ದೆ, ಆರು ಸಲವೂ ಒಂದೇ ಉತ್ತರ, ನಿಮ್ಮ ತಾಳ್ಮೆಗೆ ಧನ್ಯವಾದ. ಸೋತವರೊಬ್ಬರ ಮಾತೂ ಆ ಪುಟದಲ್ಲಿಲ್ಲ. ನಮ್ಮ ಕಾಲೇಜಿನಲ್ಲಿ ‘ಟೆಸ್ಟಿಮೋನಿಯಲ್’ ಎಂದರೆ ಪ್ರಿನ್ಸಿಪಾಲರು ಹುಡುಗನನ್ನು ಎದುರು ನಿಲ್ಲಿಸಿಕೊಂಡು ಬರೆಯುವ ಕಾಗದ. ನನಗೆ ‘ಕಾಂಡಕ್ಟ್ ಸ್ಯಾಟಿಸ್‌ಫ್ಯಾಕ್ಟರಿ’ ಎಂದಷ್ಟೇ ಬರೆದರು, ‘ಗುಡ್’ ಎಂದು ಬರೆಯಿರಿ ಎಂದು ಬೇಡಿಕೊಂಡರೂ ಬರೆಯಲಿಲ್ಲ. ಅಂದು ಸಿಟ್ಟು ಬಂದಿತ್ತು. ಈಗ ಆ ಮನುಷ್ಯನಿಗೆ ಕೈ ಮುಗಿಯಬೇಕೆನಿಸುತ್ತದೆ.

ಆದರೆ ನಾನು ಯಾವ ಬಾಯಿಂದ ನಿನ್ನನ್ನು ಬಯ್ಯಲಿ? ದೀಪಾವಳಿಗೆ ಬಂದಾಗ ಹದಿನಾಲ್ಕು ಹಾಳೆ ಪ್ರಿಂಟು ತಂದು, “ಕನ್ನಡ ಒಮ್ಮೆ ನೋಡ್ರಿ ಕಾಕಾ,” ಎಂದೆ. ಶಿವಾಜಿನಗರದ ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವನು ನಾನು, ಮತ್ತೆ ಯಾರೋ ಕೆಲಸ ಕೊಟ್ಟರಲ್ಲ ಎಂದು ಹಿಗ್ಗಿ ಕೆಂಪು ಪೆನ್ನು ಹುಡುಕಿಕೊಂಡು ಕೂತೆ. ಅರ್ಥದ ಹಿಂದೆ ಹೋದರೆ ಅಕ್ಷರ ಕಣ್ಣು ತಪ್ಪಿಸುತ್ತದೆ ಎಂದು ಫೋರ್‌ಮನ್ ಚಿನ್ನಪ್ಪನವರು ಮೊದಲ ದಿನವೇ ಕಲಿಸಿದ್ದರು. ಸಾಲನ್ನು ಕೊನೆಯ ಪದದಿಂದ ಮೊದಲ ಪದಕ್ಕೆ ಹಿಂದುಹಿಂದಾಗಿ ಓದಿಸುತ್ತಿದ್ದರು. ಲಗ್ನಪತ್ರಿಕೆಯಾಗಲಿ, ತಿಥಿಯ ಕಾರ್ಡಾಗಲಿ, ಚುನಾವಣೆಯ ಕರಪತ್ರವಾಗಲಿ, ನಮಗೆ ಎಲ್ಲವೂ ಬರೀ ಅಕ್ಷರ. ನಿನ್ನ ಹಾಳೆಗಳನ್ನೂ ಹಾಗೆಯೇ ಓದಿದೆ. ಸೈಟಿನ ಹೆಸರಿರಬೇಕಾದಲ್ಲಿ ಖಾಲಿ ಗೆರೆಯಿತ್ತು, ಅದು ಏನೆಂದು ಕೇಳಲಿಲ್ಲ. ಅರ್ಥ ಹಿಡಿದು ಓದಿದ್ದು ಒಂದೇ ಸಾಲು, ಹೆಸರಿಲ್ಲದೆ ‘ಗೃಹಿಣಿ, ಹಲಸೂರು’ ಎಂದಷ್ಟೇ ಇತ್ತಲ್ಲ, ಅದು. ಯಾವುದನ್ನೂ ಪರೀಕ್ಷಿಸದೆ ನಂಬುವವಳಲ್ಲ ಎಂದು ನೀನು ಬರೆದಿದ್ದೆ. ‘ಪರೀಕ್ಷಿಸದೆ’ಯನ್ನು ಹೊಡೆದು ‘ಸುಟ್ಟು ನೋಡದೆ’ ಎಂದು ಬರೆದವನು ನಾನು. ನಿನ್ನ ಚಿಗವ್ವನ ನೆನಪಾಗಿ, ಸಾಲಿಗೆ ಜೀವ ಬರಲಿ ಎಂದು ಬರೆದೆ. ಜೀವ ಬಂತು. ನೀನು ಅದಕ್ಕೆ ಫೋಟೋ ಅಂಟಿಸಿದೆ. ಮುನಿವೆಂಕಟಮ್ಮ ಓದಿದಳು, ಅಕ್ಕನದೇ ಬಾಯಿ ಎಂದುಕೊಂಡಳು.

ನಿನ್ನೆ ಮಧ್ಯಾಹ್ನ ಅವಳನ್ನು ಠಾಣೆಗೆ ಕರೆದುಕೊಂಡು ಹೋಗಿದ್ದೆ. ದೂರು ಬರೆದುಕೊಳ್ಳುತ್ತಿದ್ದವರು ಸಮಾಧಾನದವರು, ಕೂರಿಸಿ ನೀರು ಕೊಟ್ಟು, ಈ ಸೈಟನ್ನು ನಂಬಲು ಹೇಳಿದವರು ಯಾರು ಎಂದು ಕೇಳಿದರು. ಗುರುತಿಲ್ಲ ಸಾರ್, ಯಾರೋ ಫೋನಲ್ಲಿ ಹಾಕಿದ್ದರು ಎಂದುಬಿಟ್ಟಳು. ಹೊರಗೆ ಬಂದ ಮೇಲೆ ಏಕೆ ಹಾಗೆಂದೆ ಎಂದು ಕೇಳಿದೆ.

“ಅಕ್ಕನ ಎಸ್ರು ಟೇಸನ್ನಾಗೆ ಯಾಕ್ ಸಾರ್? ಅಷ್ಟ್ ದಿನಕ್ಕೆ ಒಂದ್ ಕಿತ ಅವ್ಳಿಗೂ ತಪ್ಪೋಗಿರ್ತದೆ. ನೀವು ಅವ್ಳನ್ನ ಬೈಕಬ್ಯಾಡಿ.”

ಕಳೆದುಕೊಂಡವಳು ಹೀಗೆ ಹೇಳುತ್ತಾಳೆ, ಸೌಂದರ್ಯಾ. ಅಕ್ಕ ತಪ್ಪಲಿಲ್ಲ, ಅಕ್ಕ ಹೇಳಲೇ ಇಲ್ಲ ಎನ್ನಬೇಕಿತ್ತು ನಾನು. ನಿನ್ನ ಹೆಸರು ಗಂಟಲವರೆಗೆ ಬಂತು, ನುಂಗಿದೆ. ಅವಳು ಸತ್ತವಳ ಮಾನ ಕಾಯುತ್ತಿದ್ದಳು, ನಾನು ಬದುಕಿರುವ ನಿನ್ನದು ಮತ್ತು ನನ್ನದು. ಇಬ್ಬರೂ ಸೇರಿ ಆ ಸೈಟಿನವನನ್ನು ಕಾಪಾಡಿ, ಬಸ್‌ಸ್ಟಾಪಿನಲ್ಲಿ ಕಾಫಿ ಕುಡಿದು ಬಂದೆವು.

ಆ ಪುಟದಿಂದ ಫೋಟೋ ತೆಗೆಯಬೇಕಾದರೆ ಮೇಲಿನವರನ್ನು ಕೇಳಬೇಕು ಎಂದೆ ನೀನು. ಹಾಕುವಾಗ ಯಾರನ್ನು ಕೇಳಿದ್ದೆ? ನನ್ನನ್ನು ಕೇಳಲಿಲ್ಲ, ಅವಳನ್ನು ಕೇಳಲು ಸಾಧ್ಯವಿರಲಿಲ್ಲ. ತೆಗೆಸು. ಆಗುವುದಿಲ್ಲ ಎಂದರೆ ಆ ಕೆಲಸ ಬಿಡು. ಬಾಡಿಗೆ ಹೇಗೆ ಕಟ್ಟಲಿ ಎನ್ನುತ್ತೀಯ, ನಿನ್ನ ಹಳೆಯ ಕೋಣೆ ಇಲ್ಲಿ ಖಾಲಿಯಿದೆ.

ಭಾನುವಾರ ಬೆಳಿಗ್ಗೆ ನಾನು ಹೊರಮಾವಿಗೆ ಹೋಗುತ್ತೇನೆ. ಮೊದಲ ಮದುವೆಯ ಹೂವಿಗೆ ನನ್ನಲ್ಲಿ ಇರುವುದನ್ನು ಒಯ್ಯುತ್ತೇನೆ, ಆದರೆ ದುಡ್ಡು ಕೊಟ್ಟು ಸುಮ್ಮನಾಗಲು ಹೋಗುತ್ತಿಲ್ಲ. ಮಾತು ನನ್ನದು, ಫೋಟೋ ಹಾಕಿದವಳು ಸೌಂದರ್ಯಾ, ಸುಭದ್ರೆಯದು ಇದರಲ್ಲಿ ಏನೂ ಇಲ್ಲ ಎಂದು ಹೇಳುತ್ತೇನೆ. ಆಮೇಲೆ ಅವಳ ಜೊತೆ ಠಾಣೆಗೆ ಹೋಗಿ ಎರಡು ಹೆಸರನ್ನೂ ಬರೆಸುತ್ತೇನೆ, ಮೊದಲು ನನ್ನದು. ಎಂಟು ಗಂಟೆಗೆ ನೀನು ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ನಿಂತಿದ್ದರೆ ಜೊತೆಗೆ ಹೋಗೋಣ. ಅವಳೆದುರು ನೀನೇ ಹೇಳಿದರೆ ಪಕ್ಕದಲ್ಲಿ ಕೂತಿರುತ್ತೇನೆ, ಬಯ್ದರೆ ಇಬ್ಬರೂ ಬಯ್ಯಿಸಿಕೊಳ್ಳೋಣ. ನೀನು ಬಾರದಿದ್ದರೂ ಹೇಳುತ್ತೇನೆ, ಮಗಳೆ. ಅಕ್ಕ ತಪ್ಪಿದಳು ಎಂದುಕೊಂಡು ಆ ಹೆಂಗಸು ಇನ್ನೊಂದು ವಾರ ಬದುಕುವುದು ನನಗೆ ಬೇಡ.

ನಿನಗೆ ಒಳ್ಳೆಯದಾಗಲಿ. ನಿಜ ಹೇಳುವಾಗ ನಾಲಿಗೆ ತಡವರಿಸದಿರಲಿ. ಭಾನುವಾರ ಏನಾದರೂ ತಿಂದು ಬಾ, ಅಲ್ಲಿ ಹೊತ್ತಾಗುತ್ತದೆ.

ನಿನ್ನ ಕಾಕಾ,
ಭಗವಂತರಾಯ