ಆಗುತ್ತೆ, ನೋಡೋಣ

ಭಾನುವಾರ, ನವೆಂಬರ್ ೧೦

ಪ್ರೀತಿಯ ಬಜಾರಿ,

ಹೇಗಿದ್ದೀಯೆ? ಅಷ್ಟು ಸಲ ಫೋನ್ ಮಾಡಿದರೂ ತೆಗೆಯಲಿಲ್ಲ ಅಂತ ಮುಖ ಊದಿಸಿಕೊಂಡಿರ್ತೀಯ, ಗೊತ್ತು. ಬೈಕೋ, ಆದರೆ ಇದನ್ನು ಪೂರ್ತಿ ಓದಿ ಆಮೇಲೆ ಬೈಕೋ. ಫೋನಿನಲ್ಲಿ ನಡುನಡುವೆ ಬಾಯಿ ಹಾಕ್ತೀಯ, ಅದಕ್ಕೇ ಕಾಗದ ಹಿಡಿದೆ. ಮಗಳ ಕಾಲಿನ ಪ್ಲಾಸ್ಟರ್ ತೆಗೆದರಾ?

ನಮ್ಮ ಲಿಫ್ಟ್ ಬಾಗಿಲಿನ ಕಾರ್ಖಾನೆ ಜರ್ಮನ್ ಕಂಪನಿಯೊಂದರ ಜೊತೆ ಕೈ ಜೋಡಿಸಿದೆ ಅಂದಿದ್ದೆನಲ್ಲ, ಅಲ್ಲಿಂದ ಇಬ್ಬರು ಬಂದು ನಮ್ಮ ಜೊತೆಯೇ ಕೂತಿದ್ದಾರೆ. ಒಬ್ಬ ಇಂಜಿನಿಯರ್, ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದವನು. ನಾವಿಟ್ಟ ಹೆಸರು ಉದ್ದಣ್ಣ. ಇನ್ನೊಬ್ಬಾಕೆ ಗುಣಮಟ್ಟ ನೋಡುವವಳು. ಮೊದಲ ದಿನವೇ ನಾನು ಆಕೆಗೆ "ನಿಮ್ಮ ಜರ್ಮನಿಯಲ್ಲಿ..." ಅಂತ ಶುರುಮಾಡಿದೆ. "ನಾನು ಸ್ವಿಸ್" ಅಂದಳು. ಆ ಎರಡು ಮಾತಿನಲ್ಲಿ ಎಷ್ಟು ಚಳಿ ಇತ್ತು ಅಂತೀಯ! ಭಾಷೆ ಒಂದೇ ಅಂತ ನಮ್ಮನ್ನು ಯಾರಾದರೂ ಹಾಗೆ ಒಂದೇ ಗುಡ್ಡೆಗೆ ಹಾಕಿದ್ದರೆ ನಾವೂ ಸುಮ್ಮನಿರುತ್ತಿರಲಿಲ್ಲ ಬಿಡು.

ಉತ್ಪಾದನೆಯ ವೇಳಾಪಟ್ಟಿ ಮಾಡುವವಳು ನಾನು. ಉದ್ದಣ್ಣ ಅದನ್ನು ಎಲ್ಲರೆದುರು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, "ಇಲ್ಲಿ ತಪ್ಪು. ಇಲ್ಲೂ ತಪ್ಪು. ಇದು ನಡೆಯಲ್ಲ" ಅಂದ. ಬೆಳೆದ ಹೆಂಗಸು, ಬಚ್ಚಲುಮನೆಗೆ ಹೋಗಿ ಅತ್ತು ಬಂದೆ. ಮಧ್ಯಾಹ್ನ ಅದೇ ಮನುಷ್ಯ ತಟ್ಟೆ ಹಿಡಿದು ಎದುರು ಕೂತು, "ನಿಮ್ಮ ಮಗನ ಈಜು ಸ್ಪರ್ಧೆ ಏನಾಯಿತು?" ಅಂತ ನಗುನಗುತ್ತಾ ಕೇಳಿದ! ನನಗೆ ಮೈಯೆಲ್ಲ ಉರಿ. ಅವನ ಪ್ರಕಾರ ತಪ್ಪಿದ್ದು ವೇಳಾಪಟ್ಟಿ, ನಾನಲ್ಲ. ಅನ್ನಿಸಿಕೊಂಡವಳು ನಾನು ತಾನೆ?

ನಮ್ಮವರೇನು ಕಡಿಮೆಯಾ? ಲಿಫ್ಟ್ ಬಾಗಿಲಿನ ಬೀಗದ ನಕ್ಷೆ ಬದಲಾಯಿತು. "ತಿಂಗಳ ಕೊನೆಗೆ ಆಗುತ್ತಾ?" ಅಂತ ಸ್ವಿಸ್ಸಮ್ಮ ಕೇಳಿದಳು. ನಮ್ಮ ಮ್ಯಾನೇಜರ್ ಕತ್ತು ಆಡಿಸಿ, "ಆಗುತ್ತೆ, ನೋಡೋಣ" ಅಂದರು. ಕೂತಿದ್ದ ನಮ್ಮವರಿಗೆಲ್ಲ ಆಗಲ್ಲ ಅಂತ ಅರ್ಥವಾಯಿತು. ಅವರಿಬ್ಬರು ಮಾತ್ರ ಆಗುತ್ತೆ ಅಂತ ನಂಬಿ, ತಮ್ಮ ಕಡೆಯ ಬಾಗಿಲು ಜೋಡಿಸುವ ತಂಡಕ್ಕೆ ವಿಮಾನದ ಟಿಕೆಟ್ಟೂ ಮಾಡಿಸಿಬಿಟ್ಟರು. ತಂಡ ಬಂದಿಳಿದಾಗ ಬೀಗದ ಅಚ್ಚೇ ತಯಾರಾಗಿರಲಿಲ್ಲ. ಉದ್ದಣ್ಣ ಕೆಂಪಗಾಗಿ, "ನೀವು ಸುಳ್ಳು ಹೇಳಿದಿರಿ" ಅಂದ. ಮ್ಯಾನೇಜರ್ ನನ್ನ ಕಡೆ ತಿರುಗಿ, "ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನಬಾರದು ಅಂತ ಮರ್ಯಾದೆಗೆ ಅಂದೆ. ಅದು ಸುಳ್ಳಾಯ್ತಾ?" ಅಂದರು. ಇಬ್ಬರ ನಡುವೆ ಸಿಕ್ಕಿಕೊಂಡವಳು ನಾನು.

ಆಮೇಲೆ ಉದ್ದಣ್ಣನನ್ನು ಪಕ್ಕಕ್ಕೆ ಕರೆದು ಹೇಳಿದೆ: "ಎದುರಿಗೇ ಇಲ್ಲ ಅನ್ನೋಕೆ ನಮಗೆ ಬಾಯಿ ಬರಲ್ಲ. 'ನೋಡೋಣ' ಅಂದರೆ ಕಷ್ಟ ಅಂತ."

"ಮತ್ತೆ ನಿಮಗೆಲ್ಲ ಹೇಗೆ ಗೊತ್ತಾಗುತ್ತೆ?"

"ಮುಖ ನೋಡಿ."

"ಮುಖ ನೋಡಿಕೊಂಡು ನಾನು ಟಿಕೆಟ್ ಹೇಗೆ ಮಾಡಿಸಲಿ?"

ತಮಾಷೆಗೆ ಕೇಳಲಿಲ್ಲ ಕಣೇ, ನಿಜವಾಗಿಯೂ ಕೇಳಿದ.

ಹೋದ ವಾರ ಮತ್ತೆ ಸಭೆ. ಸ್ವಿಸ್ಸಮ್ಮನದು ಮತ್ತೆ ಅದೇ ಪ್ರಶ್ನೆ: "ಹೊಸ ಬೀಗ ಹದಿನೈದಕ್ಕೆ ಸಿಗುತ್ತಾ?" ಮ್ಯಾನೇಜರ್ ಕತ್ತು ಆಡಿಸುವ ಮೊದಲೇ ನನ್ನ ಬಾಯಿಂದ, "ಆಗಲ್ಲ. ಇನ್ನೂ ಮೂರು ವಾರ ಬೇಕು" ಅಂತ ಬಂದುಬಿಟ್ಟಿತು. ಸ್ವಿಸ್ಸಮ್ಮ, "ಸರಿ. ಮುಂದಿನ ವಿಷಯ" ಅಂದಳು. ಇಷ್ಟಕ್ಕಾ ನಾವು ಇಷ್ಟು ದಿನ ಹೆದರಿ ಸತ್ತದ್ದು?

ಅದಕ್ಕೆ ಖುಷಿಪಡೋಣ ಅಂದರೆ ಅದೂ ಇಲ್ಲ. ಹೊರಗೆ ಬಂದ ಮ್ಯಾನೇಜರ್, "ನೀವೀಗ ಅವರ ಕಡೆಯಾ ಮೇಡಂ?" ಅಂದವರು ಇವತ್ತಿಗೂ ನನ್ನ ಜೊತೆ ನೆಟ್ಟಗೆ ಮಾತಾಡಿಲ್ಲ. ಉದ್ದಣ್ಣನಾದರೂ ಒಂದು ಭೇಷ್ ಅಂದನಾ? ಊಹೂಂ. ಇದ್ದದ್ದನ್ನು ಇದ್ದ ಹಾಗೆ ಹೇಳುವುದಕ್ಕೂ ಭೇಷ್ ಬೇಕಾ ಅಂತ ಅವನ ಲೆಕ್ಕ. ಸಾಕಾಗಿಹೋಗಿದೆ ನನಗೆ, ಇಬ್ಬರ ಸಹವಾಸವೂ.

ಮಗಳು ಬೇಗ ಎದ್ದು ಓಡಾಡುವಂತಾಗಲಿ, ನಿನ್ನ ಮನೆ ನಗುನಗುತ್ತಾ ಇರಲಿ. ನಿಮ್ಮತ್ತೆಗೆ ನಮಸ್ಕಾರ ತಿಳಿಸು.

ನಿನ್ನ,
ಕಡ್ಡಿ

ತಾ.ಕ.: ಒಂದು ವರ್ಷ ತಮ್ಮ ಊರಿನ ಆಫೀಸಿಗೆ ಬಂದು ಕೆಲಸ ಮಾಡ್ತೀರಾ ಅಂತ ಆ ಜರ್ಮನ್ ಕಂಪನಿಯವರು ಕೇಳಿದ್ದಾರೆ. ಮನೆಯಲ್ಲಿ ನಮ್ಮ ಯಜಮಾನರಿಗೆ ಹೇಳಿದೆ. ಪಾತ್ರೆ ಒರೆಸುತ್ತಾ, "ನಿನ್ನಿಷ್ಟ" ಅಂದರು. ಬೇಡ ಅಂತ ತಾನೇ ಅದರ ಅರ್ಥ? ಒಳಗೊಳಗೇ ಹಿಗ್ಗಾಯಿತು. ಆದರೂ ಹೊಸದಾಗಿ ಹತ್ತಿದ ಚಟ ನೋಡು, ಬಿಡಿಸಿ ಕೇಳಿದೆ: "ನಾನು ಹೋಗೋದು ನಿಮಗೆ ಬೇಕಾ, ಬೇಡ್ವಾ?" "ಹೋದರೂ ಒಂದೇ, ಇದ್ದರೂ ಒಂದೇ" ಅಂದರು. ಸಿಟ್ಟಿನಲ್ಲಿ ಅಂದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಸಮಾಧಾನವಾಗಿ ಅಂದು, ಉಳಿದ ತಟ್ಟೆಗಳನ್ನೂ ಒರೆಸಿಟ್ಟರು. ಹೋಗ್ತೀನಿ ಅಂತ ನಾಳೆ ಆಫೀಸಿನಲ್ಲಿ ಹೇಳಿಬಿಡ್ತೀನಿ. ಮಗನಿಗೆ ಶನಿವಾರ ಹೇಳಬೇಕು. ಅವತ್ತು ನೀನು ಬರ್ತೀಯಾ? ನನಗೆ ಒಬ್ಬಳಿಗೇ ಆಗಲ್ಲ.