ಅರ್ಧ ದಿನದ ರಜೆ

ಸೋಮವಾರ, ಮಾರ್ಚ್ ಒಂಬತ್ತು

ಪ್ರೀತಿಯ ಅಣ್ಣನಿಗೆ ತಂಗಿಯ ನಮಸ್ಕಾರ.

ಹತ್ತು ದಿನದಿಂದ ನಾನು ಕೆಲಸಕ್ಕೆ ಬಂದಿಲ್ಲ, ರಜಾ ಚೀಟಿಯನ್ನೂ ಕಳಿಸಿಲ್ಲ. ಕಟ್ಟುಹಲ್ಲಿನ ನನ್ನ ಮೇಣದ ಅಚ್ಚುಗಳು ಬೆಂಚಿನ ಮೇಲೆ ಹಾಗೇ ಬಿದ್ದಿರಬೇಕು, ನೀನು ಹಲ್ಲು ಕಡಿಯುತ್ತಿರಬೇಕು. ಕಡಿ. ನಿನ್ನವಾದರೂ ಸ್ವಂತ ಹಲ್ಲು.

ನನ್ನ ಬಲಗೈ ಮಣಿಕಟ್ಟು ಪೂರ್ತಿ ಹೋಗಿದೆ. ಹದಿನಾಲ್ಕು ವರ್ಷ ನಿನ್ನ ಕಾರ್ಖಾನೆಯಲ್ಲಿ ಊರವರ ಬಾಯಿಗೆಲ್ಲ ಹಲ್ಲು ತಿದ್ದಿದ ಕೈ. ಡಾಕ್ಟರು ಇನ್ನು ಆ ಕೆಲಸ ಬೇಡವೆಂದರು. ಅನಾರೋಗ್ಯ ಭತ್ಯೆ ಸಂಬಳದ ತೆರಿಗೆಯಿಂದಲೇ ಬರುವುದಲ್ಲ, ಅದನ್ನಾದರೂ ಕೇಳೋಣವೆಂದು ತೆರಿಗೆ ಕಚೇರಿಗೆ ಹೋದೆ. ಕಿಟಕಿಯ ಹಿಂದಿದ್ದ ಹೆಂಗಸು ಕಂಪ್ಯೂಟರಿನಲ್ಲಿ ಹುಡುಕಿ, ನೀವು ಯಾರ ಹತ್ರಾನೂ ನೌಕರಿಯಲ್ಲೇ ಇಲ್ವಲ್ಲಮ್ಮ, ಸ್ವತಂತ್ರ ಗುತ್ತಿಗೆದಾರರು ಅಂತಿದೆ ಎಂದಳು. ನೌಕರರಾದರೆ ಸಂಬಳದ ತೆರಿಗೆಯಲ್ಲಿ ಅರ್ಧ ಅವರದು, ಅರ್ಧ ಮಾಲೀಕನದು. ಗುತ್ತಿಗೆದಾರರಾದರೆ ಎರಡು ಪಾಲೂ ತಮ್ಮದೇ. ನೀವು ಒಂದನ್ನೂ ಕಟ್ಟಿಲ್ಲ, ಹಾಗಾಗಿ ಭತ್ಯೆ ಇಲ್ಲ, ಬಾಕಿ ಮಾತ್ರ ಇದೆ ಎಂದು ಬಿಡಿಸಿ ಹೇಳಿದಳು.

ಆಗ ನೆನಪಾಯಿತು. ಮೊದಲ ದಿನ ನೀನು ಒಂದು ಕಾಗದ ಮುಂದಿಟ್ಟು, ಸುಮ್ನೆ ಸಹಿ ಹಾಕು, ಏನೂ ಕಡಿತ ಇರಲ್ಲ, ಪೂರ್ತಿ ದುಡ್ಡು ನಿನ್ನ ಕೈಗೇ ಬರುತ್ತೆ ಅಂದಿದ್ದೆ. ಅಣ್ಣನ ಮಾತೆಂದು ಓದದೆಯೇ ಹಾಕಿದೆ. ನನ್ನ ಪಾಲನ್ನು ನೀನು ಮುಟ್ಟಲಿಲ್ಲ, ನಿಜ. ನಿನ್ನ ಪಾಲನ್ನು ನನ್ನ ತಲೆಗೆ ಕಟ್ಟಿದೆ. ಮನೆಗೆ ಬಂದು ಅತ್ತೆ. ಆಮೇಲೆ ಅಳು ನಿಂತು ಹೊಟ್ಟೆ ಉರಿಯತೊಡಗಿತು. ಇನ್ನೂ ಉರಿಯುತ್ತಿದೆ, ನಿನ್ನ ಹತ್ತಿರ ಮುಚ್ಚಿಡುವುದೇನು.

ಮರುದಿನ ಮತ್ತೆ ಅದೇ ಕಿಟಕಿಗೆ ಹೋದೆ. ಕೆಲಸದ ಹೊತ್ತು ಗೊತ್ತುಮಾಡುತ್ತಿದ್ದವರು ಯಾರು, ಉಪಕರಣ ಯಾರದು, ರಜೆ ಬೇಕಾದರೆ ಯಾರನ್ನು ಕೇಳಬೇಕಿತ್ತು ಎಂದು ಅವಳು ಕೇಳಿದಳು. ಕೊನೆಯ ಪ್ರಶ್ನೆಗೆ ನನಗೆ ನಗು ಬಂತು. ತಂಗಿಯೆಂದು ಸಲಿಗೆ ಕೊಟ್ಟರೆ ಉಳಿದವರು ತಲೆಯ ಮೇಲೆ ಕೂರುತ್ತಾರೆಂದು ನೀನು ಬರೆಸಿಕೊಳ್ಳುತ್ತಿದ್ದ ಚೀಟಿಗಳು! ನೆಗಡಿಗೂ ಚೀಟಿ. ಪ್ರತಿಯೊಂದರ ಕೆಳಗೂ ಹಸಿರು ಶಾಯಿಯಲ್ಲಿ ಮಂಜೂರು ಇಲ್ಲವೆ ನಾಮಂಜೂರು, ಜೊತೆಗೆ ನಿನ್ನ ಉದ್ದದ ಸಹಿ. ತನಗೆ ತಾನೇ ಯಜಮಾನಿಯಾದವಳು ರಜೆಗಾಗಿ ಯಾರ ಕಾಲು ಹಿಡಿಯಬೇಕಣ್ಣ?

ಇನ್ನೂರ ಹದಿನೇಳು ಚೀಟಿಗಳನ್ನು ಮೊನ್ನೆ ಒಪ್ಪಿಸಿದ್ದೇನೆ. ಎಲ್ಲಕ್ಕಿಂತ ಮೇಲೆ ಅಮ್ಮ ತೀರಿಕೊಂಡಾಗಿನದನ್ನು ಇಟ್ಟೆ. ಅಂತ್ಯಕ್ರಿಯೆಗಾಗಿ ಒಂದು ದಿನ ಎಂದು ನಾನು ಬರೆದದ್ದನ್ನು ಹೊಡೆದುಹಾಕಿ, ಅರ್ಧ ದಿನ ಮಂಜೂರು ಎಂದು ಬರೆದಿದ್ದೀಯೆ. ಅವಳು ನಿನಗೂ ಅಮ್ಮ. ಕಿಟಕಿಯ ಹೆಂಗಸು ಅದನ್ನು ಎರಡು ಸಲ ಓದಿ, ಎದ್ದುಹೋಗಿ ಮೇಲಧಿಕಾರಿಯನ್ನು ಕರೆತಂದಳು.

ಗುರುವಾರ ಬೆಳಿಗ್ಗೆ ಎಂಟಕ್ಕೆ ತೆರಿಗೆ ಕಚೇರಿಯವರು ತನಿಖೆಗೆ ನಿನ್ನಲ್ಲಿಗೆ ಬರುತ್ತಾರೆ. ನನ್ನ ಪಾಲನ್ನು ನಾನು ಕಟ್ಟುತ್ತೇನೆ. ನಿನ್ನ ಪಾಲನ್ನು ದಂಡ ಸಮೇತ ನಿನ್ನಿಂದ ಕಕ್ಕಿಸುತ್ತಾರೆ. ಕಟ್ಟಡ ಮಾರಬೇಕಾದೀತು. ಮಾರು. ನನಗೆ ಅಯ್ಯೋ ಅನಿಸುವುದಿಲ್ಲ. ಅಂದು ಹೊತ್ತಿಗೆ ಸರಿಯಾಗಿ ಬಾ, ತಡವಾಗಿ ಬರುವವರನ್ನು ಕಂಡರೆ ನಿನಗಾಗುವುದಿಲ್ಲವಲ್ಲ.

ಇತಿ, ಇನ್ನೆಂದೂ ರಜೆ ಕೇಳದ
ನಿನ್ನ ತಂಗಿ

ತಾ.ಕ.: ಚೀಟಿಗಳನ್ನು ನಾನು ಕದ್ದೆನೆಂದು ಕೂಗಾಡಬೇಡ. ಬೀರುವಿನ ಕೀಲಿ ಯಾರ ಹತ್ತಿರ ಇರುತ್ತದೆಂದು ನಿನಗೇ ಗೊತ್ತು. ಅತ್ತಿಗೆಯೇ ಫೈಲು ತಂದುಕೊಟ್ಟರು. ನಿನ್ನ ಲೆಕ್ಕ ಬರೆಯುವ ಅವರೂ ಕಾಗದದಲ್ಲಿ ಗುತ್ತಿಗೆದಾರರೇ ಅಂತೆ. ಅವರ ಚೀಟಿಗಳು ಇನ್ನೊಂದು ಫೈಲಿನಲ್ಲಿವೆ, ಗುರುವಾರ ತಾವೇ ಒಪ್ಪಿಸುತ್ತಾರೆ. ನಿನ್ನ ಮಗ ಹುಟ್ಟಿದ ದಿನದ್ದೂ ಅದರಲ್ಲಿದೆಯಂತೆ.